ಮಧ್ಯದ ಬಾಗಿಲಿಗೆ ಕೊಟ್ಟ ದುಡ್ಡು

ಮೊದಲ ಸಲ ಐಷಾರಾಮಿ ಹೋಟೆಲಿನ ಸೂಟ್‌ನಲ್ಲಿ, ಅಂದರೆ ಮಲಗುವ ಕೋಣೆಯ ಜೊತೆಗೆ ಕೂರಲು ಹಾಲ್ ಕೂಡ ಇರುವ ಕಡೆ, ತಂಗಿದ ರಾತ್ರಿಯನ್ನು ನೆನೆದರೆ ನನಗೆ ಕಣ್ಣಿಗೆ ಬರುವುದು ದೀಪಗಳು. ಮದುವೆಯಾಗಿ ಐದು ವರ್ಷ ಆಯಿತು, ಒಂದು ರಾತ್ರಿಯಾದರೂ ದೊಡ್ಡದಾಗಿ ಇರೋಣ ಅಂತ ಇವರು ಬುಕ್ ಮಾಡಿದ್ದರು. ವಿಮಾನ ತಡವಾಗಿ ಕೋಣೆ ಸೇರುವಾಗ ರಾತ್ರಿ ಹನ್ನೊಂದೂಮುಕ್ಕಾಲು. ಬೆಳಗ್ಗೆ ಆರಕ್ಕೆ ಮತ್ತೆ ಹೊರಡಬೇಕು. ಆರು ಜನ ಕೂರುವ ಊಟದ ಮೇಜು, ಎರಡು ಟಿವಿ, ಓದುವ ಮೇಜು, ಬಾಗಿಲ ಹತ್ತಿರ ಅತಿಥಿಗಳಿಗೆಂದೇ ಒಂದು ಶೌಚಾಲಯ. ಮಲಗುವ ಮುಂಚೆ ದೀಪ ಆರಿಸಲು ಇಬ್ಬರೂ ಆ ಕಡೆಯಿಂದ ಈ ಕಡೆಗೆ ಓಡಾಡಿದ್ದೇ ಓಡಾಡಿದ್ದು. ಒಂದನ್ನು ಆರಿಸಿದರೆ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಹಾಲ್‌ನ ಮೂಲೆಯದು ಕೊನೆಗೂ ಆರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಆರಿಸುವ ಸ್ವಿಚ್ ಮಂಚದ ಪಕ್ಕದಲ್ಲೇ ಇತ್ತು ಅಂತ ಗೊತ್ತಾದದ್ದು ಬೆಳಗ್ಗೆ, ಬ್ಯಾಗು ಎತ್ತಿಕೊಳ್ಳುವಾಗ. ಆ ಹಾಲ್‌ನ ಸೋಫಾದಲ್ಲಿ ನಾನು ಕೂತದ್ದು ಒಂದೇ ಸಲ, ಶೂ ಲೇಸ್ ಕಟ್ಟಿಕೊಳ್ಳಲು. ಬಾಡಿಗೆ ಮಾತ್ರ ಅದೇ ಹೋಟೆಲಿನ ಸಾಮಾನ್ಯ ಕೋಣೆಯ ಎರಡೂವರೆ ಪಟ್ಟು.

(‘ಸೂಟ್’ ಅನ್ನುವ ಇಂಗ್ಲಿಷ್ ಪದದ ಸರಿಯಾದ ಉಚ್ಚಾರ ‘ಸ್ವೀಟ್’ ಅಂತ ತಿದ್ದುವವರಿದ್ದಾರೆ. ಹಾಗೆ ಬರೆದರೆ ಓದುವವರಿಗೆ ಮಿಠಾಯಿ ನೆನಪಾದೀತು. ನಾನು ಸೂಟ್ ಅಂತಲೇ ಬರೆಯುತ್ತೇನೆ.)

ಲೆಕ್ಕ ಪರಿಶೋಧನೆ ನನ್ನ ವೃತ್ತಿ. ವರ್ಷದಲ್ಲಿ ಅರವತ್ತು ಎಪ್ಪತ್ತು ರಾತ್ರಿ ಹೋಟೆಲುಗಳಲ್ಲೇ ಕಳೆಯುತ್ತೇನೆ. ಆ ಬಿಲ್ಲು ನೋಡಿದ ಮೇಲೆ ಡೈರಿಯಲ್ಲಿ ಒಂದು ಹೊಸ ಕಾಲಂ ಶುರುಮಾಡಿದೆ: ಕೋಣೆಯೊಳಗೆ ಎಚ್ಚರವಾಗಿದ್ದ ಗಂಟೆಗಳು. ಕೆಲಸದ ಪ್ರವಾಸದಲ್ಲಿ ಅದು ಎರಡೂವರೆ ಗಂಟೆ ದಾಟುತ್ತಿರಲಿಲ್ಲ. ಅದರಲ್ಲೂ ಸ್ನಾನ, ಇಸ್ತ್ರಿ, ಬ್ಯಾಗು ಕಟ್ಟುವುದು ಕಳೆದರೆ ಸುಮ್ಮನೆ ಕೂತದ್ದು ಅರ್ಧ ಗಂಟೆ. ರಜೆಗೆ ಹೋದಾಗ ಇನ್ನೂ ಕಡಿಮೆ, ಯಾಕೆಂದರೆ ಊರು ನೋಡಲು ಹೋದವರು ಕೋಣೆಯಲ್ಲಿ ಯಾಕೆ ಕೂರುತ್ತಾರೆ.

ನಿದ್ದೆಗಾದರೂ ಸೂಟ್ ಒಳ್ಳೆಯದಲ್ಲವೇ ಅಂತ ಕೇಳುವವರಿದ್ದಾರೆ. ನಾನು ತಂಗಿದ್ದ ಎರಡು ಹೋಟೆಲುಗಳಲ್ಲಿ ಹೊದಿಕೆ ಎತ್ತಿ ಹಾಸಿಗೆಯ ಚೀಟಿ ಓದಿದ್ದೇನೆ (ಇವರು ಆಗ ಬೇರೆ ಕಡೆ ನೋಡುತ್ತಿದ್ದರು). ಎರಡು ಕಡೆಯೂ ಸೂಟ್‌ನದೂ ಸಾಮಾನ್ಯ ಕೋಣೆಯದೂ ಒಂದೇ ಹಾಸಿಗೆ. ಸಾಲದ್ದಕ್ಕೆ, ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗದೆ ಕಾವಲುಗಾರನ ಹಾಗೆ ಸದ್ದಿಗೆ ಕಿವಿಗೊಟ್ಟಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಒಂದೇ ರಾತ್ರಿ ಉಳಿಯುವವರು ಎಷ್ಟೇ ಕೊಟ್ಟರೂ ಅರೆನಿದ್ದೆಯನ್ನೇ ಕೊಂಡುಕೊಳ್ಳುತ್ತಾರೆ. ಹಾಗಾಗಿ ಒಂದು ರಾತ್ರಿಯ ತಂಗುವಿಕೆಗೆ ನಾನು ಸೂಟ್‌ನ ಪುಟವನ್ನು ತೆರೆಯುವುದನ್ನೂ ಬಿಟ್ಟೆ.

ನನ್ನ ಲೆಕ್ಕ ತಲೆಕೆಳಗಾದದ್ದು ಮಗಳು ಹತ್ತು ತಿಂಗಳವಳಿದ್ದಾಗ. ಒಂದು ವಾರದ ಪ್ರವಾಸ, ಸಾಮಾನ್ಯ ಕೋಣೆ. ಅವಳು ಸಂಜೆ ಏಳೂವರೆಗೆ ಮಲಗುತ್ತಿದ್ದಳು, ಒಂದು ಚೂರು ಬೆಳಕು ಬಿದ್ದರೂ ಎದ್ದು ಕೂರುತ್ತಿದ್ದಳು. ಮೂರು ರಾತ್ರಿ ನಾವಿಬ್ಬರೂ ಬಚ್ಚಲುಮನೆಯಲ್ಲಿ ಸಂಸಾರ ಮಾಡಿದೆವು. ನಾನು ಟಬ್ಬಿನ ಅಂಚಿನ ಮೇಲೆ, ಇವರು ಕಮೋಡಿನ ಮುಚ್ಚಳದ ಮೇಲೆ, ಮಧ್ಯೆ ಮಡಚಿದ ಟವೆಲಿನ ಮೇಲೆ ಊಟದ ತಟ್ಟೆಗಳು. ಮಾತೆಲ್ಲ ಪಿಸುಪಿಸು. ಸ್ಪೂನು ತಟ್ಟೆಗೆ ತಾಗಿದರೆ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ನಾಲ್ಕನೆಯ ದಿನ ಬೆಳಗ್ಗೆ ರಿಸೆಪ್ಷನ್‌ಗೆ ಹೋಗಿ, ಉಳಿದ ರಾತ್ರಿಗಳಿಗೆ ಸೂಟ್ ಖಾಲಿ ಇದೆಯೇ, ಮೇಲೆಷ್ಟು ಕೊಡಬೇಕು ಅಂತ ಕೇಳಿದೆ. ವಾರದ ನಡುವೆ ಅವರಿಗೂ ಖಾಲಿ ಬಿದ್ದಿತ್ತು. ಕೋಣೆ ಬಾಡಿಗೆಯ ಮೇಲೆ ಅರ್ಧಕ್ಕಿಂತ ಕಡಿಮೆ ಹೇಳಿದರು. ಅಂದು ರಾತ್ರಿ ಮಗುವನ್ನು ಮಲಗಿಸಿ, ಮಧ್ಯದ ಬಾಗಿಲು ಎಳೆದು, ಹಾಲ್‌ಗೆ ಬಂದು ಇವರು ಮಾಮೂಲಿ ದನಿಯಲ್ಲಿ “ಏನು ತರಿಸೋಣ?” ಅಂದಾಗ ನನಗೆ ನಿಜವಾಗಿ ಅಳು ಬಂತು. ಡೈರಿಯ ಕಾಲಂನಲ್ಲಿ ಆವತ್ತು ಬರೆದದ್ದು ಆರೂವರೆ ಗಂಟೆ.

ಆಮೇಲೆ ನಾನು ವಿಸ್ತೀರ್ಣ ನೋಡುವುದನ್ನು ಬಿಟ್ಟು ಬಾಗಿಲು ಹುಡುಕಲು ಶುರುಮಾಡಿದೆ. ಮುಂದಿನ ಸಲವೇ ಮೋಸಹೋದೆ ಅನ್ನುವುದು ಬೇರೆ ಮಾತು. ‘ಜೂನಿಯರ್ ಸೂಟ್’ ಅಂತ ಬುಕ್ ಮಾಡಿ ಹೋದರೆ ಸೋಫಾ ಮಂಚದಿಂದ ನಾಲ್ಕು ಹೆಜ್ಜೆ ದೂರ, ಮಧ್ಯೆ ಟಿವಿ ತೂಗುಹಾಕಿದ್ದ ಎದೆಯೆತ್ತರದ ಗೋಡೆ. ಜಾಗವೇನೋ ಧಾರಾಳ, ಆದರೆ ಅದು ಒಂದೇ ಕೋಣೆ. ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ಜೂನಿಯರ್ ಸೂಟ್ ಅಂದರೆ ಸಾಮಾನ್ಯವಾಗಿ ಅರ್ಥವೇ ಅದು, ಕೂರಲು ಒಂದು ಮೂಲೆ ಇರುವ ದೊಡ್ಡ ಕೋಣೆ. ಸ್ಟುಡಿಯೋ ಸೂಟ್‌ನದೂ ಅದೇ ಕತೆ. ಎಕ್ಸಿಕ್ಯುಟಿವ್, ಪ್ರೀಮಿಯರ್, ಗ್ರ್ಯಾಂಡ್ ಎನ್ನುವ ಹೆಸರುಗಳಿಗೆ ಒಂದು ಹೋಟೆಲಿಗೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಈಗ ಇಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: ಮಲಗುವ ಕೋಣೆಗೂ ಹಾಲ್‌ಗೂ ನಡುವೆ ಪೂರ್ತಿ ಗೋಡೆ, ಮುಚ್ಚುವ ಬಾಗಿಲು ಇದೆಯೇ? ಉತ್ತರ ಬರಹದಲ್ಲಿ ಬರುವವರೆಗೆ ದುಡ್ಡು ಕಟ್ಟುವುದಿಲ್ಲ.

ಇನ್ನೊಂದು ವಿಷಯ ತಿಳಿದದ್ದು ಕೋಣೆಯ ಬಾಗಿಲ ಹಿಂಭಾಗದಿಂದ. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ತೋರಿಸುವ ನಕ್ಷೆ ಅಲ್ಲಿ ಅಂಟಿಸಿರುತ್ತಾರಲ್ಲ, ಅದನ್ನು ಒಮ್ಮೆ ನೋಡಿ. ಇಡೀ ಮಹಡಿ ಒಂದೇ ಅಳತೆಯ ಚೌಕಗಳ ಸಾಲು. ಹೀಗಾಗುವುದಕ್ಕೆ ಒಂದು ಕಾರಣ ನೀರಿನ ಕೊಳವೆ. ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅನ್ನುವವರು 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಕಟ್ಟಿದ ಹೋಟೆಲಿನಲ್ಲಿ ಪ್ರತಿ ಕೋಣೆಗೂ ಸ್ವಂತ ಬಚ್ಚಲು ಕೊಟ್ಟರು. ಖರ್ಚು ಹಿಡಿತದಲ್ಲಿರಲೆಂದು ಅಕ್ಕಪಕ್ಕದ ಎರಡು ಕೋಣೆಗಳ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಕೊಳವೆಗಳೆಲ್ಲ ಮೇಲಿಂದ ಕೆಳಗೆ ಹಾಯಲು ಬಾವಿಯಂಥ ಒಂದೇ ಕಿಂಡಿ ಮಾಡಿಸಿದರು. ಇವತ್ತಿಗೂ ಹೋಟೆಲು ಕಟ್ಟುವವರು ಈ ಉಪಾಯ ಬಿಟ್ಟಿಲ್ಲ. ಆ ಒಂದು ಚೌಕವನ್ನು ವಾಸ್ತುಶಿಲ್ಪಿಗಳು ‘ಬೇ’ ಅನ್ನುತ್ತಾರೆ, ನಮ್ಮ ಹಳೆಯ ಮಾತಿನಲ್ಲಿ ಅಂಕಣ. ಸೂಟ್ ಅಂದರೆ ಬಹಳ ಸಲ ಎರಡು ಅಂಕಣ ಸೇರಿಸಿ ಮಾಡಿದ್ದು. ಇನ್ನೊಂದು ಮಲಗುವ ಕೋಣೆ ಆಗಬಹುದಾಗಿದ್ದ ಜಾಗವೇ ಹಾಲ್, ಎರಡನೆಯ ಬಚ್ಚಲಾಗಬಹುದಾಗಿದ್ದದ್ದೇ ಬಾಗಿಲ ಹತ್ತಿರದ ಆ ಅತಿಥಿ ಶೌಚಾಲಯ.

ಇದು ತಿಳಿದ ಮೇಲೆ ಬೆಲೆ ತೂಗುವುದು ಸುಲಭವಾಯಿತು. ಎರಡಂಕಣದ ಸೂಟ್‌ಗೆ ಎರಡು ಪಟ್ಟಿನೊಳಗೆ ಕೇಳಿದರೆ ಜಾಗದ ಬೆಲೆ ಸರಿಯಿದೆ ಅಂತ ಲೆಕ್ಕ. ಅದಕ್ಕಿಂತ ಹೆಚ್ಚು ಕೇಳಿದರೆ ಹೆಚ್ಚಿನದು ಯಾವುದಕ್ಕೆ ಅಂತ ಹುಡುಕುತ್ತೇನೆ. ಕ್ಲಬ್ ಲೌಂಜ್ (ದುಬಾರಿ ಕೋಣೆಯವರಿಗೆಂದೇ ಇರುವ, ತಿಂಡಿ ಸಿಗುವ ಹಾಲ್) ಸೇರಿದ್ದರೆ, ಬೆಳಗಿನ ತಿಂಡಿ, ಸಂಜೆಯ ಲಘು ಉಪಾಹಾರ ಹೊರಗೆ ತಿಂದಿದ್ದರೆ ಎಷ್ಟಾಗುತ್ತಿತ್ತು ಅಂತ ಬರೆದು ಕಳೆಯುತ್ತೇನೆ. ತಡವಾಗಿ ಖಾಲಿ ಮಾಡುವ ಅವಕಾಶವಿದ್ದು, ನಮ್ಮ ವಿಮಾನ ರಾತ್ರಿಯದ್ದಾದರೆ ಅದಕ್ಕೂ ಬೆಲೆ ಇದೆ. ಸ್ನಾನದ ಎಣ್ಣೆ, ದಪ್ಪ ನಿಲುವಂಗಿ, ಸ್ವಾಗತದ ಹಣ್ಣಿನ ಬುಟ್ಟಿಗೆಲ್ಲ ನನ್ನ ಪುಸ್ತಕದಲ್ಲಿ ಸೊನ್ನೆ.

ನಕ್ಷೆಯಲ್ಲಿ ಲಿಫ್ಟ್ ಎಲ್ಲಿದೆ, ಸಿಬ್ಬಂದಿಯ ಉಗ್ರಾಣ ಎಲ್ಲಿದೆ ಅನ್ನುವುದೂ ಕಾಣುತ್ತದೆ. ಒಮ್ಮೆ ನಮ್ಮ ಸೂಟ್‌ನ ತಲೆದಿಂಬಿನ ಗೋಡೆಗೆ ಲಿಫ್ಟಿನ ಬಾವಿ ತಾಗಿಕೊಂಡಿತ್ತು. ಹೆಚ್ಚು ಹೇಳುವುದಿಲ್ಲ.

ಅತ್ತೆಯವರೂ ಜೊತೆಗೆ ಬರಲು ಶುರುಮಾಡಿದ ಮೇಲೆ ಸೂಟ್‌ಗಿಂತ ಒಳಬಾಗಿಲಿರುವ ಜೋಡಿ ಕೋಣೆಗಳು ನಮಗೆ ಹೆಚ್ಚು ಒಗ್ಗಿದವು. ಅದೇ ಎರಡಂಕಣ, ಆದರೆ ಎರಡು ಪೂರ್ತಿ ಬಚ್ಚಲು. ಸೂಟ್‌ನಲ್ಲಾದರೆ ಯಾರೋ ಒಬ್ಬರು ಸೋಫಾವನ್ನು ಬಿಡಿಸಿ ಮಾಡಿದ ಹಾಸಿಗೆಯ ಮೇಲೆ ಮಲಗಬೇಕು, ಅದರ ನಡುವಿನ ಕಬ್ಬಿಣದ ಸರಳು ಸೊಂಟಕ್ಕೆ ಒತ್ತುತ್ತದೆ. ಇಲ್ಲೂ ಎಚ್ಚರ ಬೇಕು: ‘ಅಡ್ಜಾಯ್ನಿಂಗ್’ ಅಂದರೆ ಬರೀ ಅಕ್ಕಪಕ್ಕ, ಒಳಗಿನಿಂದ ಬಾಗಿಲಿರುವುದು ‘ಕನೆಕ್ಟಿಂಗ್’. ಅದನ್ನು ಕೋರಿಕೆ ಅಂತ ಬರೆದುಕೊಂಡಿದ್ದಾರೋ ಖಚಿತ ಅಂತಲೋ ಅನ್ನುವುದನ್ನೂ ಕೇಳಬೇಕು. ಬರೀ ಕೋರಿಕೆಯನ್ನು ನಂಬಿ ಹೋದ ನಮಗೆ ಒಮ್ಮೆ ಸಿಕ್ಕಿದ್ದು ಮೂರನೆಯ ಮಹಡಿಯಲ್ಲೊಂದು, ಏಳನೆಯದರಲ್ಲೊಂದು. ಅತ್ತೆ ಮಾತ್ರ ಖುಷಿಯಾಗಿದ್ದರು, ಟಿವಿ ರಿಮೋಟು ಪೂರ್ತಿ ಅವರದೇ.

ಪುಕ್ಕಟೆ ಅಪ್‌ಗ್ರೇಡ್ ಬಗ್ಗೆ ಜನ ಬಹಳ ಕೇಳುತ್ತಾರೆ. ಅದು ಹೆಚ್ಚಾಗಿ ಸಿಗುವುದು ಕಡಿಮೆ ಬೆಲೆಯ ಕೋಣೆಗಳನ್ನು ಇರುವುದಕ್ಕಿಂತ ಹೆಚ್ಚು ಬುಕ್ ಮಾಡಿಕೊಂಡು, ಕೆಲವರನ್ನು ಮೇಲಕ್ಕೆ ದಾಟಿಸಲೇಬೇಕಾದಾಗ. ಆಗಲೂ ಒಂದು ಮೆಟ್ಟಿಲು ಏರಿಸುತ್ತಾರೆ, ನೇರ ಸೂಟ್‌ಗೆ ಹೋಗುವುದು ಅಪರೂಪ. ಸದಸ್ಯತ್ವ ಯೋಜನೆಗಳ ಪೈಕಿ ಹಯಾತ್ ಹೋಟೆಲು ಸರಣಿಯದರಲ್ಲಿ ಮಾತ್ರ ನನಗೆ ನೆಮ್ಮದಿ ಸಿಕ್ಕಿದ್ದು. ಅಲ್ಲಿ ಗಳಿಸಿದ ಸೂಟ್ ಅಪ್‌ಗ್ರೇಡ್ ಬಳಸಿದರೆ, ಸೂಟ್ ಖಾಲಿ ಇರುವ ಪಕ್ಷದಲ್ಲಿ, ಏಳು ರಾತ್ರಿಯವರೆಗೆ ಬುಕ್ ಮಾಡುವಾಗಲೇ ಖಚಿತವಾಗುತ್ತದೆ. ಹೋಗಿ ಕೌಂಟರಿನ ಮುಂದೆ ಮುಖ ನೋಡುತ್ತಾ ನಿಲ್ಲಬೇಕಿಲ್ಲ. ಹನಿಮೂನ್ ಅಂತ ಸುಳ್ಳು ಹೇಳುವ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಈವರೆಗೆ ನಾಲ್ಕು ಕೇಕು ಸಿಕ್ಕಿವೆ, ಸೂಟ್ ಒಂದೂ ಇಲ್ಲ. ನಾನು ನೇರವಾಗಿ ದುಡ್ಡು ಕೊಟ್ಟು ಏರುವ ದಾರಿಯನ್ನೇ ಹಿಡಿಯುತ್ತೇನೆ. ಖಾಲಿ ಉಳಿದ ರಾತ್ರಿಯನ್ನು ನಾಳೆ ಮಾರಲಾಗುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ಹೋಗುವ ಎರಡು ದಿನ ಮುಂಚೆ ಒಂದು ಸಲ, ಕೀಲಿ ತೆಗೆದುಕೊಳ್ಳುವಾಗ ಇನ್ನೊಂದು ಸಲ ಕೇಳಿದರೆ, ವೆಬ್‌ಸೈಟಿನಲ್ಲಿ ಕಂಡ ವ್ಯತ್ಯಾಸಕ್ಕಿಂತ ಕಡಿಮೆಗೆ ಕೊಟ್ಟದ್ದೇ ಹೆಚ್ಚು.

ಕಳೆದ ಪ್ರವಾಸದಲ್ಲಿ ಹೊಸದೊಂದು ಮಾಡಿದೆ. ನಾಲ್ಕು ರಾತ್ರಿಯಲ್ಲಿ ಮೊದಲೆರಡು ಸಾಮಾನ್ಯ ಕೋಣೆ, ಯಾಕೆಂದರೆ ತಲುಪುವುದೇ ನಡುರಾತ್ರಿ, ಮರುದಿನವಿಡೀ ತಿರುಗಾಟ. ಕೊನೆಯೆರಡು ಸೂಟ್, ಆಗ ಏನೂ ಮಾಡದೆ ಇರೋಣ ಅಂತಲೇ ತೀರ್ಮಾನ. ತೊಂದರೆ ಇರುವುದು ನಡುವಿನ ದಿನ: ಹನ್ನೆರಡಕ್ಕೆ ಇದನ್ನು ಬಿಡಬೇಕು, ಮೂರಕ್ಕೆ ಅದು ಸಿಗುತ್ತದೆ. ಹಿಂದಿನ ಸಂಜೆಯೇ ಹೇಳಿಟ್ಟಿದ್ದರಿಂದ ಸೂಟ್ ಬೇಗ ತೆರವು ಮಾಡಿಸಿ, ಸಾಮಾನು ಅವರೇ ಸಾಗಿಸಿದರು. ಇವರ ಫೋನ್ ಚಾರ್ಜರ್ ಮಾತ್ರ ಹಳೆಯ ಕೋಣೆಯ ಮಂಚದ ಹಿಂದೆ ಉಳಿದುಹೋಯಿತು. ಅದಿಲ್ಲದೆ ಎರಡು ದಿನ ಫೋನೂ ಇಲ್ಲದೆ ಇವರು ಆ ಹಾಲ್‌ನ ಸೋಫಾದಲ್ಲೇ ಕೂತಿದ್ದರು. ಈ ಸಲ ದೀಪ ಆರಿಸುವ ಸ್ವಿಚ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದರು.