ಡೀಸೆಲ್ ಹಾಕುವಾಗ ಉಕ್ಕುತ್ತದೆಯೇ? ಬೋಟಿನ ಏರ್ ಪೈಪ್ ನೋಡಿ

ಟ್ಯಾಂಕ್ ಅರ್ಧವೂ ತುಂಬಿರುವುದಿಲ್ಲ, ನಾಝಲ್ ಟಕ್ಕೆಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಡೀಸೆಲ್ ಉಕ್ಕಿ ಡೆಕ್ ಮೇಲೆ ಚೆಲ್ಲುತ್ತದೆ. ಆಗ ಬಂಕ್‌ನವರನ್ನು ಬೈಯುವವರೇ ಹೆಚ್ಚು. ಡೀಸೆಲ್ ಎಷ್ಟು ವೇಗವಾಗಿ ಒಳಗೆ ಹೋಗುತ್ತದೋ ಅಷ್ಟೇ ವೇಗವಾಗಿ ಗಾಳಿ ಹೊರಗೆ ಬರಬೇಕು. ಅದಕ್ಕೆ ದಾರಿಯಾದ ಏರ್ ಪೈಪ್ ಕಟ್ಟಿಕೊಂಡಿದ್ದರೆ ಪಂಪ್ ಬದಲಿಸಿ ಪ್ರಯೋಜನವಿಲ್ಲ.

ಮೊದಲು ತಪ್ಪು ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳಿ. ನಾಝಲ್ಲನ್ನು ಅರ್ಧ ಸುತ್ತು ತಿರುಗಿಸಿ, ಎರಡು ಸೆಂ.ಮೀ. ಹೊರಗೆಳೆದು ನಿಧಾನವಾಗಿ ಒತ್ತಿ. ಸರಾಗವಾಗಿ ಹೋದರೆ ದೋಷ ತುಂಬುವ ಹೋಸ್‌ನಲ್ಲಿ: ಎಲ್ಲೋ ಮಡಚಿದೆ ಅಥವಾ ಅಡ್ಡ ಮಲಗಿದೆ. 38 ಮಿ.ಮೀ. ಒಳವ್ಯಾಸದ ಹೋಸ್ ಹಾಕಿ, ಉದ್ದಕ್ಕೂ ಇಳಿಜಾರು ಕೊಡಿ, ಪ್ರತಿ ತುದಿಗೂ ಎರಡೆರಡು ಸ್ಟೀಲ್ ಕ್ಲಿಪ್ ಬಿಗಿಯಿರಿ. ಆದರೂ ನಿಂತು ನಿಂತು ಹೋದರೆ ಏರ್ ಪೈಪನ್ನೇ ಹಿಡಿಯಬೇಕು. ಗಂಟೆಗಟ್ಟಲೆ ಓಡಿದ ಎಂಜಿನ್ ಸೊರಗಿದಾಗ ಟ್ಯಾಂಕ್ ಮುಚ್ಚಳ ತೆರೆದರೆ 'ಉಸ್' ಎಂದು ಗಾಳಿ ಒಳಗೆಳೆಯುತ್ತದೆಯೇ? ಅದೂ ಇದೇ ಕಾಯಿಲೆ. ಸದ್ದಿಲ್ಲದಿದ್ದರೆ ಫಿಲ್ಟರ್ ನೋಡಿ.

ಏರ್ ಪೈಪಿನ ಹೊರಬಾಯಿಯ ಜಾಲರಿಯನ್ನು ಬಿಚ್ಚಿ ನೋಡಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ದಡದಲ್ಲಿ ನಿಂತ ಬೋಟಿನ ಪೈಪಿಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಉಪ್ಪು ಗಟ್ಟಿಯಾಗಿರಬಹುದು, ಪೇಂಟ್ ಬಳಿದವರು ಜಾಲರಿಯನ್ನೂ ಬಳಿದಿರಬಹುದು. ತಂತಿ ತೂರಿಸಬೇಡಿ, ಮಣ್ಣು ಟ್ಯಾಂಕಿಗಿಳಿದು ಫಿಲ್ಟರ್‌ಗೆ ಬರುತ್ತದೆ. ಏರ್ ಪೈಪಿನ ಹೋಸನ್ನು ಟ್ಯಾಂಕಿನಿಂದ ಬಿಚ್ಚಿದ ಮೇಲಷ್ಟೇ ಸೈಕಲ್ ಪಂಪಿನಿಂದ ಊದಿ. ಟ್ಯಾಂಕಿಗೇ ಕಂಪ್ರೆಸರ್ ಹಿಡಿಯುವುದು ಶುದ್ಧ ಮೂರ್ಖತನ, ಬೆಸುಗೆಯೇ ಬಿಟ್ಟೀತು. ಪೆಟ್ರೋಲ್ ಟ್ಯಾಂಕಿನ ಜಾಲರಿ ಬೆಂಕಿ ತಡೆಯುವಂಥದ್ದು, ಅದನ್ನು ತೆಗೆದು ಓಡಿಸಲೇಬಾರದು.

ಜಾಲರಿ ಶುದ್ಧವಾದರೂ ತೊಂದರೆ ಹೋಗಲಿಲ್ಲವೇ? ಹೆಚ್ಚಿನವರು ಸೋಲುವುದು ಇಲ್ಲೇ. ಎಂಜಿನ್ ರೂಮಿನ ಬಿಸಿಗೆ ಹೋಸ್ ಮೆತ್ತಗಾಗಿ ಎರಡು ಕ್ಲಿಪ್‌ಗಳ ನಡುವೆ ಜೋತುಬೀಳುತ್ತದೆ. ಟ್ಯಾಂಕ್ ಕಂಠಪೂರ್ತಿ ತುಂಬಿಸಿದಾಗ ಮೇಲೆ ಬಂದ ಡೀಸೆಲ್ ಆ ಜೋಲಿನಲ್ಲೇ ನಿಂತುಬಿಡುತ್ತದೆ. ಅರ್ಧ ಲೋಟ ಸಾಕು, ಗಾಳಿಯ ದಾರಿ ಬಂದ್. ಹೊರಗಿನಿಂದ ಏನೂ ಕಾಣುವುದಿಲ್ಲ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರುವಾಗ, ಎಂಜಿನ್ ಆರಿಸಿ, ಕೆಳಗೆ ಡಬ್ಬ ಹಿಡಿದು ಹೋಸಿನ ಟ್ಯಾಂಕ್ ಕಡೆಯ ತುದಿ ಬಿಚ್ಚಿ ಕೆಳಗಿಳಿಸಿ. ಡೀಸೆಲ್ ಸುರಿದರೆ ಕಳ್ಳ ಸಿಕ್ಕಿದ. ಹೆಚ್ಚುವರಿ ಉದ್ದ ಕತ್ತರಿಸಿ. ಟ್ಯಾಂಕಿನಿಂದ ಮೇಲಿನವರೆಗೆ ಎಲ್ಲೂ ಇಳಿಯದೆ ಏರುತ್ತ ಹೋಗುವಂತೆ 30 ಸೆಂ.ಮೀ.ಗೊಂದು ಕ್ಲಿಪ್ ಹಾಕಿ. ಕೊನೆಯಲ್ಲಿ ಮಾತ್ರ ಹೊರಬಾಯಿಗಿಂತ ಎತ್ತರಕ್ಕೆ ಒಂದು ಬಾಗು ಕೊಟ್ಟು ಇಳಿಸಿ, ಅಲೆಯ ನೀರು ಒಳಗೆ ಬರದಿರಲಿ. ಒಳವ್ಯಾಸ 16 ಮಿ.ಮೀ. ಇರುವ ಹೋಸೇ ನನ್ನ ಆಯ್ಕೆ. ದೊಡ್ಡ ಪಂಪಿನಿಂದ ತುಂಬಿಸುವ ಟ್ರಾಲರಿಗೆ ಅದೂ ಸಾಲದು. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪಿವಿಸಿ ಪೈಪ್ ಅಗ್ಗವೇನೋ ಹೌದು, ಆದರೆ ಡೀಸೆಲ್ ತಗುಲಿ ಪೆಡಸಾಗಿ ಸೀಳುತ್ತದೆ. 'ಐಎಸ್ಒ 7840' (ಬೆಂಕಿ ತಾಳುವ ಬೋಟ್ ಇಂಧನ ಹೋಸಿನ ಗುಣಮಟ್ಟ) ಎಂದು ಅಚ್ಚೊತ್ತಿದ್ದನ್ನೇ ಕೊಳ್ಳಿ.

ಇನ್ನೂ ಗುಳುಗುಳು ಎಂದರೆ ಬೋಟ್ ವಾಲಿದೆಯೇ ನೋಡಿ. ಐಸ್, ಬಲೆ ಒಂದೇ ಪಕ್ಕಕ್ಕಿದ್ದರೆ ಏರ್ ಪೈಪಿನ ಬುಡ ಬೇಗ ಮುಳುಗಿ ಎದುರು ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಐಸ್ ತುಂಬುವ ಮೊದಲೇ ಡೀಸೆಲ್ ಹಾಕಿಸಿ.

ಮುಚ್ಚಳಕ್ಕೆ ತೂತು ಕೊರೆಯುವ ಅಡ್ಡದಾರಿಯೂ ಉಂಟು. ಡೆಕ್ ತೊಳೆದ ನೀರು ನೇರ ಟ್ಯಾಂಕಿಗೆ ಹೋಗುತ್ತದೆ, ಇಂಜೆಕ್ಟರ್ ರಿಪೇರಿಯ ಖರ್ಚಿನಲ್ಲಿ ಹತ್ತು ಹೋಸ್ ಬರುತ್ತವೆ.

ಎಷ್ಟು ತುಂಬಿಸಬೇಕು? ನೂರಕ್ಕೆ 95 ಸಾಕು. 500 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿಯಾದರೆ ಸುಮಾರು 4 ಲೀಟರ್ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಏರ್ ಪೈಪಿನಿಂದ ಸಮುದ್ರಕ್ಕೆ. ಔಟ್‌ಬೋರ್ಡ್ ದೋಣಿಯವರಿಗೆ ಇಷ್ಟೆಲ್ಲ ಬೇಡ: ಎತ್ತಿಡುವ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂವನ್ನು ಓಡಿಸುವಾಗ ಬಿಡಿಸಿ, ಹೊತ್ತೊಯ್ಯುವಾಗ ಬಿಗಿ ಮಾಡಿ.