ಹಲವು ಹಂತದ ಕೆಲಸಕ್ಕೆ ಒಂದೇ ‘ಸ್ಥಿತಿ’ ಕಾಲಂ ಇಡಿ
ಕೋಲಾರದ ಮಂಡಿಗಳಿಗೆ ವೆಬ್ ಆ್ಯಪ್ ಬರೆಯುತ್ತಿರುವವರಿಗೆ: ಹಂತಕ್ಕೊಂದು ಟ್ರೂ-ಫಾಲ್ಸ್ ಫ್ಲ್ಯಾಗ್ (‘ಆಯಿತು’ ಇಲ್ಲವೇ ‘ಆಗಿಲ್ಲ’ ಅನ್ನೋ ಗುರುತು) ಇಡಬೇಡಿ. ಡೇಟಾಬೇಸ್‌ನಲ್ಲಿ ‘ಸ್ಥಿತಿ’ ಅಂತ ಒಂದೇ ಕಾಲಂ ಇಡಿ, ಯಾವುದರಿಂದ ಯಾವುದಕ್ಕೆ ಹೋಗಬಹುದು ಅನ್ನೋದನ್ನು ಒಂದೇ ಕಡೆ ಬರೆದಿಡಿ. ಟೊಮೆಟೊ ಲಾಟನ್ನೇ ತಗೊಳ್ಳಿ: ಬಂದಿದೆ, ಹರಾಜಿನಲ್ಲಿದೆ, ದರ ನಿಂತಿದೆ, ಹಣ ಹೋಗ್ತಿದೆ, ಹಣ ಸಂದಿದೆ. ಇದನ್ನೇ ನಾಲ್ಕು ಫ್ಲ್ಯಾಗ್‌ಗಳಲ್ಲಿ ಹಿಡಿದರೆ 16 ಜೋಡಣೆ ಹುಟ್ಟುತ್ತವೆ, ಬೇಕಾದದ್ದು 5 ಮಾತ್ರ. ಉಳಿದ 11ರಲ್ಲಿ ಹರಾಜೇ ಆಗದೆ ಹಣ ಸಂದ ಲಾಟೂ ಇರುತ್ತದೆ. ಅಲ್ಲಿರೋದು ರೈತರ ದುಡ್ಡು, ನೆನಪಿರಲಿ. ‘ಹಣ ಹೋಗ್ತಿದೆ’ ಸ್ಥಿತಿಯಿಂದ ಮತ್ತೆ ಪಾವತಿಗೆ ದಾರಿಯೇ ಇಲ್ಲದಿದ್ದರೆ, ಬಟನ್ ಎರಡು ಸಲ ಒತ್ತಿದರೂ ಹಣ ಎರಡು ಸಲ ಹೋಗದು. ಸ್ಥಿತಿ ಸರ್ವರ್‌ನಲ್ಲೇ ಇರಲಿ. ಪುಟ ರಿಫ್ರೆಶ್ ಆದರೂ ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಇಬ್ಬರು ಗುಮಾಸ್ತರು ಒಂದೇ ಲಾಟ್ ತೆರೆದಿರಬಹುದು, ಹಾಗಾಗಿ ‘ಹಳೇ ಸ್ಥಿತಿ ಇನ್ನೂ ಹಾಗೇ ಇದ್ದರೆ ಮಾತ್ರ’ ಅನ್ನೋ ಷರತ್ತನ್ನು ಡೇಟಾಬೇಸ್‌ನಲ್ಲಿ ಸ್ಥಿತಿ ಬದಲಿಸುವ ಅಪ್‌ಡೇಟ್ ಕ್ವೆರಿಯಲ್ಲೇ ಹಾಕಿ. ನೆಟ್‌ವರ್ಕ್ ಕಡಿದರೆ ಹಣ ಹೋಯಿತೋ ಇಲ್ಲವೋ ಗೊತ್ತಾಗಲ್ಲ; ಅದನ್ನು ‘ವಿಫಲ’ ಅಂತ ಬರೆಯದೆ ‘ಖಾತ್ರಿಯಾಗಬೇಕು’ ಅನ್ನೋ ಆರನೇ ಸ್ಥಿತಿ ಕೊಡಿ, ಬ್ಯಾಂಕ್ ಕಡೆಯಿಂದ ಉತ್ತರ ಬರುವ ತನಕ ಮತ್ತೆ ಪಾವತಿ ಬೇಡ. ಈ ಒಂದೇ ಕಾಲಂ ವಿಧಾನ ಕೈಕೊಡೋದು ಸಂಬಂಧವಿಲ್ಲದ ಕೆಲಸಗಳು ಜೊತೆಗೇ ನಡೆಯುವಾಗ. ಫೋಟೊ ಅಪ್‌ಲೋಡ್, ರೈತರಿಗೆ ಎಸ್ಎಂಎಸ್ ಎಲ್ಲವನ್ನೂ ಇದೇ ಕಾಲಂಗೆ ತುರುಕಿದರೆ ಸ್ಥಿತಿಗಳು ಗುಣಾಕಾರದಲ್ಲಿ ಬೆಳೆಯುತ್ತವೆ. ಅವಕ್ಕೆ ಬೇರೆ ಕಾಲಂ ಕೊಡಿ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹ್ಯಾರೆಲ್ 1987ರ ಸ್ಟೇಟ್‌ಚಾರ್ಟ್ ಅನ್ನೋ ಸ್ಥಿತಿ-ನಕ್ಷೆಯಲ್ಲಿ ಸಮಾನಾಂತರ ಸ್ಥಿತಿಗಳನ್ನು ತಂದದ್ದೂ ಇದಕ್ಕೇ. ಹೆಸರು, ಊರು ಎರಡೇ ಕೇಳುವ ಫಾರ್ಮ್‌ಗೆ ಇದ್ಯಾವುದೂ ಬೇಡ.