ಡ್ರಮ್‌ಗಿಂತ ಮೊದಲು ತರಗೆಲೆ: ಅಡುಗೆಮನೆ ಕಸ ಗೊಬ್ಬರವಾಗುವ ಬಗೆ

ಮನೆಯಲ್ಲೇ ಗೊಬ್ಬರ ಮಾಡಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಡ್ರಮ್ ತರುತ್ತಾರೆ, ಅಡುಗೆಮನೆ ಕಸ ಹಾಕಲು ಶುರು ಮಾಡುತ್ತಾರೆ, ಹದಿನೈದು ದಿನಕ್ಕೆ ವಾಸನೆ ಬಂತು, ಹುಳ ಬಂತು ಅಂತ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಂತುಹೋದ ಡ್ರಮ್‌ಗಳ ಮುಚ್ಚಳ ತೆಗೆದು ನೋಡಿದಾಗಲೆಲ್ಲ ನನಗೆ ಕಂಡದ್ದು ಒಂದೇ ಕೊರತೆ. ಒಳಗೆ ಹಸಿ ಕಸ ಬೇಕಾದಷ್ಟಿರುತ್ತದೆ, ಒಣದು ಇರುವುದಿಲ್ಲ. ಅದಕ್ಕೇ ನನ್ನ ಕ್ರಮದಲ್ಲಿ ಡ್ರಮ್‌ನ ಸರದಿ ಆಮೇಲೆ. ಮೊದಲು ಕೂಡಿಡಬೇಕಾದದ್ದು ತರಗೆಲೆ.

ಇದು ಹೊಸ ವಿಚಾರವೇನಲ್ಲ. ಮಲೆನಾಡಿನ ಕೊಟ್ಟಿಗೆಗಳಲ್ಲಿ ದನದ ಕಾಲಡಿಗೆ ಸೊಪ್ಪು, ದರಗು ಹಾಸಿ, ಸಗಣಿ-ಗಂಜಲ ಹೀರಿಕೊಂಡ ಆ ಹಾಸನ್ನು ಗೊಬ್ಬರದ ಗುಂಡಿಗೆ ಎಳೆಯುವುದು ತಲೆಮಾರುಗಳ ರೂಢಿ. ಶಿರಸಿ, ಸಿದ್ದಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು-ತರಗೆಲೆ ತರುವ ಕಾಡು, ಬಿಟ್ಟಿರುವುದು ಸುಮ್ಮನೆ ಅಲ್ಲ. ಸಗಣಿಗೆ ಎಲೆ ಜೊತೆಯಾದರೇ ತೋಟಕ್ಕೆ ಸಾಲುವ ಗೊಬ್ಬರ ಅನ್ನುವುದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ನಗರದ ಅಡುಗೆಮನೆ ಕಸಕ್ಕೂ ಅದೇ ಲೆಕ್ಕ.

ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕದ ಜೊತೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆ, ಉಳಿದ ಅನ್ನ ಸೇರಿದ ಕಸದಲ್ಲಿ ಇಂಗಾಲ ಸುಮಾರು 15ರಿಂದ 20 ಪಾಲು ಅಷ್ಟೇ. ತರಗೆಲೆಯಲ್ಲಿ 50ರ ಆಸುಪಾಸು. ಎರಡೂ ಬೆರೆತಾಗ ಲೆಕ್ಕ ಕೂಡುತ್ತದೆ. ಇನ್ನೊಂದು ಕಾರಣ ನೀರು. ಹಸಿ ಕಸದ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರೇ. ಅದನ್ನು ಹೀರಿಕೊಂಡು, ನಡುನಡುವೆ ಗಾಳಿಗೆ ಜಾಗ ಬಿಡುವ ವಸ್ತು ಇಲ್ಲದಿದ್ದರೆ ಕಸ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಗಾಳಿಯಿಲ್ಲದೆ ಕೊಳೆಯುತ್ತದೆ. ದುರ್ವಾಸನೆ ಹುಟ್ಟುವುದು ಅಲ್ಲಿ.

ನಾಲ್ಕು ಜನರ ಸಸ್ಯಾಹಾರಿ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕೆಜಿ ಹಸಿ ಕಸ ಬರುತ್ತದೆ. ಅದಕ್ಕೆ 200ರಿಂದ 250 ಗ್ರಾಂ ಒಣ ಎಲೆ ಬೇಕು. ವರ್ಷಕ್ಕೆ 75ರಿಂದ 90 ಕೆಜಿ ಆಯಿತು. 50 ಕೆಜಿ ಅಕ್ಕಿ ಚೀಲದಲ್ಲಿ ಎಲೆಯನ್ನು ಹಾಗೇ ತುಂಬಿದರೆ ಹೆಚ್ಚು ಹಿಡಿಯುವುದಿಲ್ಲ. ಬಿಸಿಲಿಗೆ ಗರಿಗರಿಯಾಗಿ ಒಣಗಿದ ಎಲೆಯನ್ನು ಚೀಲದೊಳಗೇ ತುಳಿದು ಪುಡಿ ಮಾಡಿ ಮತ್ತೆ ತುಂಬುತ್ತಾ ಹೋದರೆ ಹತ್ತು ಕೆಜಿಗೂ ಮೇಲೆ ಹಿಡಿಯುತ್ತದೆ. ಹೀಗೆ ಎಂಟು ಚೀಲ ಇದ್ದರೆ ವರ್ಷ ಕಳೆಯುತ್ತದೆ. ಪುಡಿ ಮಾಡುವುದು ಜಾಗ ಉಳಿಸಲು ಮಾತ್ರ ಅಲ್ಲ, ಇಡೀ ಎಲೆ ಡ್ರಮ್‌ನಲ್ಲಿ ಒಂದರ ಮೇಲೊಂದು ಹಾಳೆಯಂತೆ ಕೂತು ಗಾಳಿಯನ್ನೇ ತಡೆಯುತ್ತದೆ.

ಬೆಂಗಳೂರಿನಲ್ಲಿ ಎಲೆಯ ಸುಗ್ಗಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಮಳೆಮರ, ಹೊಂಗೆ, ಗುಲ್‌ಮೊಹರ್ ಎಲೆ ಬೇಗ ಕಳಿಯುತ್ತವೆ. ಮಾವು, ಹಲಸಿನ ಎಲೆ ದಪ್ಪ, ಮೇಲೆ ಮೇಣದಂಥ ಪೊರೆ. ಪುಡಿ ಮಾಡಿದರೂ ತಿಂಗಳುಗಟ್ಟಲೆ ಹಾಗೇ ಇರುತ್ತವೆ, ಬೇರೆ ಎಲೆಯ ಜೊತೆ ಕಾಲು ಭಾಗ ಬೆರೆಸಬಹುದು. ನೀಲಗಿರಿ, ಗಾಳಿಮರದ ಎಲೆ ನಾನು ಬಳಸುವುದಿಲ್ಲ. ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಗುಡ್ಡೆ ಮಾಡಿದ ಎಲೆಯನ್ನು ಸಂತೋಷದಿಂದ ಕೊಡುತ್ತಾರೆ, ಅವರಿಗೂ ಸಾಗಿಸುವ ಭಾರ ತಪ್ಪುತ್ತದೆ. ಪ್ಲಾಸ್ಟಿಕ್ ಚೂರು, ಗುಟ್ಕಾ ಪೊಟ್ಟಣ ಆರಿಸಿ ತೆಗೆಯುವ ಕೆಲಸ ಮಾತ್ರ ನಮ್ಮದು. ಇದೇ ಎಲೆಗೆ ಬೀದಿ ಬದಿಯಲ್ಲಿ ಬೆಂಕಿ ಇಡುವುದನ್ನು ಕಂಡರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಅಂತ 2016ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದೆ. ಹೊಗೆ ಕುಡಿಯುವುದು ನಾವೇ, ಗೊಬ್ಬರದ ಅರ್ಧ ಸರಕನ್ನು ಬೂದಿ ಮಾಡುವುದೂ ನಾವೇ.

ಎಲೆ ಸಿಗದ ಕಡೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಆಗುತ್ತದೆ. ನೀರು ಹೀರುವುದರಲ್ಲಿ ಅದು ಎಲೆಗಿಂತ ಮೇಲು. ಆದರೆ ಅದರ ಇಂಗಾಲ ಸುಲಭಕ್ಕೆ ಕರಗುವಂಥದ್ದಲ್ಲ, ಕೊನೆಗೂ ನಾರಿನ ಪುಡಿಯಾಗಿಯೇ ಉಳಿಯುತ್ತದೆ. ಮರದ ಹೊಟ್ಟು ತಂದರೆ ಬರೀ ಮರದ್ದೇ ಅಂತ ಖಾತ್ರಿ ಮಾಡಿಕೊಳ್ಳಬೇಕು, ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಸೇರಿರುತ್ತದೆ.

ಇನ್ನು ಡ್ರಮ್. ನಾಲ್ಕು ಜನರಿಗೆ 60 ಲೀಟರಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ ಮೂರು ಬೇಕು. ಗುಜರಿ ಅಂಗಡಿಯಲ್ಲಿ ಹಳೆಯದು ಸಿಗುತ್ತದೆ. ಒಳಗೆ ಮೊದಲು ಆಹಾರ ಪದಾರ್ಥ ಇದ್ದದ್ದೇ ಬೇಕು, ಕೆಮಿಕಲ್ ಇದ್ದ ಡ್ರಮ್ ಬೇಡ. ಸುತ್ತ ಒಂದು ಗೇಣಿಗೆ ಒಂದರಂತೆ ನಾಲ್ಕು ಸಾಲು ತೂತು, ತಳಕ್ಕೆ ಎಂಟು ತೂತು, ಎಲ್ಲವೂ 8 ಮಿಲಿಮೀಟರಿನವು. ಇಲಿ ಕಾಟ ಇರುವ ಕಡೆ ಹೊರಗಿನಿಂದ ತಂತಿ ಬಲೆ ಸುತ್ತಬೇಕು. ನೈಲಾನ್ ಬಲೆಯನ್ನು ಇಲಿ ಕಡಿದು ಹಾಕುತ್ತದೆ. ಡ್ರಮ್ಮನ್ನು ಮೂರು ಇಟ್ಟಿಗೆ ಮೇಲೆ ಎತ್ತಿ, ಕೆಳಗೊಂದು ತಟ್ಟೆ ಇಡಬೇಕು. ಮಳೆಯ ಎರಚಲು, ನೇರ ಬಿಸಿಲು ಎರಡೂ ಬೀಳದ ಜಾಗ ಒಳ್ಳೆಯದು. ಮಣ್ಣಿನ ಪಾತ್ರೆ ಇಷ್ಟಪಡುವವರಿಗೆ ಒಂದರ ಮೇಲೊಂದು ಮೂರು ಮಡಕೆ ಕೂರಿಸಿದ ‘ಕಂಬ’ ಅನ್ನುವ ಗೊಬ್ಬರದ ಪಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಮಣ್ಣು ತಾನೇ ಒಂದಿಷ್ಟು ನೀರು ಹೀರಿ ಆರಿಸುತ್ತದೆ. ಬೆಂಗಳೂರಿನವರು ಕೊಳ್ಳುವ ಮೊದಲು ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋದರೆ ಬೇರೆ ಬೇರೆ ವಿಧಾನಗಳನ್ನು ಕಣ್ಣಾರೆ ನೋಡಬಹುದು.

ತಳಕ್ಕೆ ನಾಲ್ಕು ಬೆರಳು ಎತ್ತರ ತೆಂಗಿನಕಾಯಿ ನಾರು ಅಥವಾ ಸಣ್ಣ ಪುಳ್ಳೆ, ಅದರ ಮೇಲೆ ಎರಡು ಅಂಗುಲ ಎಲೆಪುಡಿ. ಆಮೇಲೆ ದಿನದ ಕಸ. ಬಾಳೆಹಣ್ಣಿನ ಸಿಪ್ಪೆ, ಕಲ್ಲಂಗಡಿ ಸಿಪ್ಪೆ, ಹೂಕೋಸಿನ ದಂಟು ಇವನ್ನು ಒಂದಂಗುಲದ ಚೂರು ಮಾಡಿ ಹಾಕಿದರೆ ಗೊಬ್ಬರವಾಗುವ ಸಮಯದಲ್ಲಿ ಒಂದು ವಾರ ಉಳಿತಾಯವಾಗುತ್ತದೆ. ಉಳಿದ ಸಾರು, ಹುಳಿಯ ನೀರು ಬಸಿದು ಗಟ್ಟಿ ಮಾತ್ರ ಹಾಕಬೇಕು. ಅಳತೆಗೆ ತಕ್ಕಡಿ ಬೇಡ, ಒಂದು ಡಬ್ಬಿ ಕಸಕ್ಕೆ ಅದೇ ಡಬ್ಬಿಯ ತುಂಬಾ ಎಲೆಪುಡಿ. ಮಳೆಗಾಲದಲ್ಲಿ, ಇಲ್ಲವೇ ಹಣ್ಣಿನ ಸಿಪ್ಪೆ ಜಾಸ್ತಿ ಇದ್ದ ದಿನ ಒಂದೂವರೆ ಡಬ್ಬಿ. ಅರ್ಧ ಎಲೆಯನ್ನು ಕಸದ ಜೊತೆ ಕಲೆಸಿ, ಇನ್ನರ್ಧವನ್ನು ಮೇಲೆ ಹೊದಿಸಬೇಕು. ದಿನದ ಕೊನೆಗೆ ಮೇಲಿನಿಂದ ನೋಡಿದರೆ ಎಲೆ ಬಿಟ್ಟು ಬೇರೇನೂ ಕಾಣಬಾರದು. ನೊಣ ಮೊಟ್ಟೆ ಇಡಲು ಹುಡುಕುವುದು ತೆರೆದ ಹಸಿಯನ್ನು.

ಕಸ ಕಳಿಯಲು ಶುರುವಾಗುವ ಹೆಪ್ಪಿಗೆ ಅಂಗಡಿಯ ಪುಡಿ ಬೇಕೇ ಬೇಕು ಅಂತಿಲ್ಲ. ಮೊದಲ ಡ್ರಮ್‌ಗೆ ಎರಡು ಬೊಗಸೆ ಹಳೇ ಗೊಬ್ಬರ, ಅದಿಲ್ಲದಿದ್ದರೆ ಒಂದು ಲೋಟ ಹುಳಿ ಮಜ್ಜಿಗೆಗೆ ನಾಲ್ಕು ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಚಿಮುಕಿಸಿದರೆ ಸಾಕು. ಉಪ್ಪು, ಒಗ್ಗರಣೆ ಹಾಕಿದ ಮಜ್ಜಿಗೆ ಬೇಡ.

ಮೂರು ನಾಲ್ಕು ದಿನಕ್ಕೊಮ್ಮೆ ಕುರ್ಪಿಯಿಂದ ತಿರುವಬೇಕು. ಆಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಎಲೆ ಸಾಲದು. ಮುಷ್ಟಿ ಬಿಚ್ಚಿದ ಕೂಡಲೇ ಉಂಡೆ ಉದುರಿ ಹೋದರೆ ಒಣಗಿದೆ, ಅಕ್ಕಿ ತೊಳೆದ ನೀರು ಚಿಮುಕಿಸಬೇಕು. ಈ ಮುಷ್ಟಿ ಪರೀಕ್ಷೆಗಿಂತ ಒಳ್ಳೆ ಸಾಧನ ನನಗೆ ಸಿಕ್ಕಿಲ್ಲ. ಕೈಗೆ ಬೆಚ್ಚಗೆ ತಾಗಿದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬಿಳಿ ಬೂಷ್ಟು ಬಲೆಯಂತೆ ಹರಡಿದ್ದರೂ ಹೆದರಬೇಡಿ, ಅದು ಎಲೆಯನ್ನು ಕರಗಿಸುವ ಶಿಲೀಂಧ್ರ.

ತಪ್ಪು ಎಲ್ಲಾಗಿದೆ ಅನ್ನುವುದನ್ನು ಮೂಗೇ ಹೇಳುತ್ತದೆ. ಗಂಜಲದಂಥ ಘಾಟು ಬಂದರೆ ಸಾರಜನಕ ಹೆಚ್ಚಾಗಿ ಅಮೋನಿಯಾ ಆಗಿ ಹಾರುತ್ತಿದೆ. ಸೊಪ್ಪಿನ ದಂಟು, ಕಾಫಿ ಚರಟ ಒಮ್ಮೆಗೇ ಬಿದ್ದಾಗ ಹೀಗಾಗುತ್ತದೆ. ಎಲೆ ಸೇರಿಸಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ. ಆಗ ಮೇಲೆ ಎಲೆ ಸುರಿದರೆ ಪ್ರಯೋಜನವಿಲ್ಲ, ತೊಂದರೆ ತಳದಲ್ಲಿರುತ್ತದೆ. ಇಡೀ ಡ್ರಮ್ಮನ್ನು ಒಂದು ಶೀಟಿನ ಮೇಲೆ ಸುರುವಿ, ಉಂಡೆಗಳನ್ನು ಒಡೆದು, ಎಲೆ ಬೆರೆಸಿ, ಮುಚ್ಚಿಹೋದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ ಮತ್ತೆ ತುಂಬಬೇಕು. ಅರ್ಧ ಗಂಟೆಯ ಕೊಳಕು ಕೆಲಸ, ಆದರೆ ಡ್ರಮ್ ಉಳಿಯುತ್ತದೆ. ಹುಳಿ ನಾತ ಬಂದರೆ ಸಾಮಾನ್ಯವಾಗಿ ಅನ್ನ, ಮೊಸರನ್ನ ಒಂದೇ ಕಡೆ ಮುದ್ದೆಯಾಗಿ ಬಿದ್ದಿರುತ್ತದೆ. ಅದನ್ನು ಹುಡುಕಿ ಬಿಡಿಸಿ ಹರಡಿದರೆ ಸಾಕು.

ಹುಳದ ವಿಷಯದಲ್ಲೇ ಹೆಚ್ಚು ಜನ ಹೆದರುವುದು. ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದದ, ಚಪ್ಪಟೆಯಾದ, ಮೈಮೇಲೆ ಗೆರೆಗೆರೆ ಇರುವ, ಮೊದಲು ಕೆನೆ ಬಣ್ಣದಲ್ಲಿದ್ದು ಆಮೇಲೆ ಕಪ್ಪಾಗುವ ಹುಳ ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಅದರ ನೊಣ ಮನೆನೊಣದ ಹಾಗೆ ಊಟದ ಮೇಲೆ ಕೂರುವುದಿಲ್ಲ. ಹಸಿ ಕಸವನ್ನು ಇಷ್ಟು ವೇಗವಾಗಿ ತಿಂದು ಮುಗಿಸುವ ಜೀವಿ ಇನ್ನೊಂದು ಸಿಗದು. ಆದರೂ ಅದು ಗುಂಪಾಗಿ ಬಂದಿದೆ ಅಂದರೆ ಹಸಿ ಹೆಚ್ಚಾಗಿದೆ ಅನ್ನುವ ಸೂಚನೆ. ಎಲೆ ಹೆಚ್ಚಿಸಿ, ದಿನಕ್ಕೊಮ್ಮೆ ತಿರುವಿ ಹದ ಒಣಗಿಸಿದರೆ ತಾನಾಗಿ ಕಡಿಮೆಯಾಗುತ್ತದೆ. ಉಪ್ಪು, ಫಿನಾಯಿಲ್, ಜಿರಳೆ ಸ್ಪ್ರೇ ಯಾವುದನ್ನೂ ಹಾಕಬೇಡಿ. ಹುಳದ ಜೊತೆ ಸೂಕ್ಷ್ಮಜೀವಿಯೂ ಸಾಯುತ್ತದೆ, ಉಪ್ಪು ಗೊಬ್ಬರದಲ್ಲಿ ಉಳಿದು ಮುಂದೆ ಗಿಡದ ಬೇರು ಸುಡುತ್ತದೆ. ಇರುವೆ ಬಂದರೆ ಒಳಗೆ ಒಣಗಿದೆ. ಮುಚ್ಚಳ ತೆಗೆದ ಕೂಡಲೇ ಗುಂಗುರು ಎದ್ದರೆ ಹಣ್ಣಿನ ಸಿಪ್ಪೆ ಮೇಲೇ ಉಳಿದಿದೆ.

ಎಣ್ಣೆ, ಉಪ್ಪಿನಕಾಯಿ, ಹಾಲು, ಮಾಂಸ-ಮೂಳೆ ನಾನು ಹಾಕುವುದಿಲ್ಲ. ಕರಟ, ಎಳನೀರು ಬುರುಡೆ, ಮಾವಿನ ಗೊರಟೆ ಇಷ್ಟು ಸಣ್ಣ ಡ್ರಮ್‌ನಲ್ಲಿ ಕರಗುವುದಿಲ್ಲ. ನಿಂಬೆ, ಮೋಸಂಬಿ ಸಿಪ್ಪೆ ಚೂರು ಮಾಡಿ ಸ್ವಲ್ಪ ಸ್ವಲ್ಪ ಹಾಕಬಹುದು. ಮೊಟ್ಟೆ ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ಹಾಕಿದರೆ ಕ್ಯಾಲ್ಸಿಯಂ ಸಿಗುತ್ತದೆ. ದೇವರ ಹೂವು ಒಳ್ಳೆಯದೇ, ಆದರೆ ಹಾರದ ದಾರ ಬಿಚ್ಚಬೇಕು. ಟೀ ಬ್ಯಾಗುಗಳಲ್ಲಿ ಹಲವಕ್ಕೆ ಪ್ಲಾಸ್ಟಿಕ್ ಎಳೆ ಇರುತ್ತದೆ, ಹರಿದು ಚರಟ ಮಾತ್ರ ಸುರಿಯಿರಿ. ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಬೇಡ. ಒಂದು ಘನ ಮೀಟರಿನಷ್ಟು ದೊಡ್ಡ ಗುಡ್ಡೆಯಾದರೆ ಒಳಗೆ 55-60 ಡಿಗ್ರಿ ಕಾವು ಏರಿ ಬೀಜ, ರೋಗಾಣು ಸಾಯುತ್ತವೆ. 60 ಲೀಟರಿನ ಡ್ರಮ್ ಅಷ್ಟು ಕಾವು ಹಿಡಿದಿಡುವುದಿಲ್ಲ. ಕುಂಡದಲ್ಲಿ ಟೊಮೆಟೊ, ಕುಂಬಳದ ಸಸಿ ತಾನಾಗಿ ಏಳುವುದು ಇದರಿಂದಲೇ.

ಒಂದು ಡ್ರಮ್ ತುಂಬಲು ಸುಮಾರು ಒಂದು ತಿಂಗಳು. ತುಂಬಿದ ಮೇಲೆ ಹೊಸ ಕಸ ಹಾಕದೆ ವಾರಕ್ಕೊಮ್ಮೆ ತಿರುವುತ್ತಾ ಎರಡು ತಿಂಗಳು ಬಿಡಬೇಕು. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಮಾಗಿರುತ್ತದೆ. ಚಳಿಗಾಲದಲ್ಲಿ ಇನ್ನೂ ಎರಡು ಮೂರು ವಾರ ಬೇಕಾಗಬಹುದು. ತಟ್ಟೆಗೆ ಇಳಿದ ಕಂದು ನೀರಿಗೆ ಹತ್ತು ಪಾಲು ನೀರು ಬೆರೆಸಿ ಹೂಗಿಡದ ಬುಡಕ್ಕೆ ಹಾಕಬಹುದು, ಸೊಪ್ಪಿನ ಮಡಿಗೆ ಬೇಡ. ಎಲೆ ಸರಿಯಾಗಿ ಹಾಕಿದ ಡ್ರಮ್‌ನಿಂದ ಹೆಚ್ಚು ನೀರು ಇಳಿಯುವುದೇ ಇಲ್ಲ.

ಮಾಗಿದ ಗೊಬ್ಬರ ಕಪ್ಪು-ಕಂದು ಬಣ್ಣಕ್ಕೆ ಬಂದು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಕೊಡುತ್ತದೆ. ಅಷ್ಟಕ್ಕೇ ನಂಬದೆ ಮೆಂತ್ಯದ ಪರೀಕ್ಷೆ ಮಾಡಿ. ಒಂದು ಲೋಟದಲ್ಲಿ ಗೊಬ್ಬರ, ಇನ್ನೊಂದರಲ್ಲಿ ಮಣ್ಣು ಹಾಕಿ ಹತ್ತತ್ತು ಮೆಂತ್ಯದ ಕಾಳು ಬಿತ್ತಿ. ನಾಲ್ಕೈದು ದಿನಕ್ಕೆ ಎರಡರಲ್ಲೂ ಸರಿಸಮ ಮೊಳೆತರೆ ಗೊಬ್ಬರ ತಯಾರು. ಗೊಬ್ಬರದಲ್ಲಿ ಮೂರು ನಾಲ್ಕೇ ಎದ್ದು, ತುದಿ ಕರಟಿದ್ದರೆ ಇನ್ನೂ ಹದಿನೈದು ದಿನ ಬಿಡಬೇಕು. ಅರೆಮಾಗಿದ ಗೊಬ್ಬರ ಕುಂಡಕ್ಕೆ ಹಾಕಿದರೆ ಅದು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡದ ಎಲೆ ಹಳದಿಯಾಗುತ್ತದೆ.

ಒಂದು ಡ್ರಮ್‌ನಿಂದ ಎಂಟರಿಂದ ಹತ್ತು ಕೆಜಿ ಸಿಗುತ್ತದೆ. ಒಂದು ದಿನ ನೆರಳಲ್ಲಿ ಹರಡಿ, ಜರಡಿ ಹಿಡಿಯಿರಿ. ಹೊಸ ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು. ಹಳೇ ಕುಂಡವಾದರೆ ಹನ್ನೆರಡು ಅಂಗುಲದ್ದಕ್ಕೆ ತಿಂಗಳಿಗೆ ಎರಡು ಹಿಡಿ, ಮೇಲ್ಮಣ್ಣು ಸಡಿಲಿಸಿ ಬೆರೆಸಿ ನೀರು ಕೊಟ್ಟರೆ ಆಯಿತು. ಬಿಸಿಲಲ್ಲಿ ಪೂರಾ ಒಣಗಿದರೆ ಗೊಬ್ಬರದೊಳಗಿನ ಜೀವ ಹೋಗುತ್ತದೆ, ಆದ್ದರಿಂದ ಉಳಿದದ್ದನ್ನು ಕೈಗೆ ತಂಪು ತಾಗುವಷ್ಟು ಹಸಿಯಾಗಿ ಗೋಣಿಚೀಲದಲ್ಲಿ ನೆರಳಿಗೆ ಇಡಿ. ಜರಡಿಯಲ್ಲಿ ನಿಂತ ನಾರು, ಕಡ್ಡಿ, ಕರಗದ ಮಾವಿನ ಎಲೆಯ ಚೂರು ಮತ್ತೆ ಹೊಸ ಡ್ರಮ್‌ನ ತಳಕ್ಕೆ.